ಪಂಚನಾಗಿ ಸಹಿ ಹಾಕಿದ್ದೆ, ಈಗ ಸಮನ್ಸ್ ಬಂದಿದೆ. ಕೋರ್ಟಲ್ಲಿ ಏನು ಕೇಳುತ್ತಾರೆ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಹಳ್ಳಿಯವನು ನಾನು, ಅಡಿಕೆ ತೋಟ ಇದೆ. ಕೆಲವು ವರ್ಷದ ಹಿಂದೆ ನಮ್ಮೂರಲ್ಲಿ ಒಂದು ಕೊಲೆ ಆಯಿತು. ಬೇಲಿ ವಿಷಯಕ್ಕೆ ಶುರುವಾದ ಜಗಳ. ಪೊಲೀಸರು ಆರೋಪಿಯನ್ನು ಜೀಪಲ್ಲಿ ಕರೆತಂದ ದಿನ, ನನ್ನನ್ನೂ ಪಕ್ಕದ ಮನೆ ಭಾವನನ್ನೂ ಪಂಚರಾಗಿ, ಅಂದರೆ ಜಪ್ತಿಗೆ ಸಾಕ್ಷಿಯಾಗಿ, ಬನ್ನಿ ಅಂದರು. ಹೋದೆವು. ಅವನು ಕೊಟ್ಟಿಗೆ ಹಿಂದೆ ಹೋಗಿ, ಅಡಿಕೆ ಸಿಪ್ಪೆ ರಾಶಿಗೆ ಮೊಣಕೈವರೆಗೆ ಕೈ ಹಾಕಿ ಒಂದು ಕತ್ತಿ ತೆಗೆದುಕೊಟ್ಟ. ಹಿಡಿಗೆ ಕೆಂಪು ಕರೆಂಟ್ ವೈರ್ ಸುತ್ತಿತ್ತು. ಜೀಪಿನ ಬಾನೆಟ್ ಮೇಲಿಟ್ಟು ಪಂಚನಾಮೆ ಬರೆದರು, ಓದಿ ಹೇಳಿದರು, ಸಹಿ ಹಾಕಿದೆವು.

ಈಗ ಸೆಷನ್ಸ್ ಕೋರ್ಟಿಂದ ಸಮನ್ಸ್. ಕೊಲೆ ಕಣ್ಣಾರೆ ಕಂಡವರು ಒಬ್ಬರೇ, ಎದುರು ಮನೆಯ ಅಜ್ಜಿ. ಮುಸ್ಸಂಜೆ ಹೊತ್ತಲ್ಲಿ ಅವರ ಅಂಗಳದಿಂದ ನೋಡಿದ್ದು. ಆರೋಪಿ ಕಡೆಯವರು ಮೊನ್ನೆ ನಮ್ಮ ಮನೆಗೆ ಬಂದು, ಕವಳ ಹಾಕಿಕೊಂಡು, "ಏನೂ ನೆನಪಿಲ್ಲ ಅಂದ್ಬಿಡು ತಮಾ, ನಿನ್ನ ಗಂಟೇನು ಹೋಗ್ತದೆ" ಅಂದು ಹೋದರು.

ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ ನಾನು. ಅಲ್ಲಿ ಏನೇನು ಕೇಳುತ್ತಾರೆ? ಆ ಕತ್ತಿಗೆ ಅಷ್ಟು ಬೆಲೆ ಇದೆಯಾ?

ಅಂಕೋಲೆ ಹುಡುಗ
ಕತ್ತಿ ಸಿಕ್ಕಿದೆ, ನೋಡಿದವರೂ ಇದ್ದಾರೆ ಅಂದ ಮೇಲೆ ಕೇಸ್ ಮುಗೀತಲ್ಲ ಮಾರಾಯ್ರೆ. ಇನ್ನೇನು ಬೇಕು?

ಕುಮಟಾ ವಕೀಲ
@ಅಂಕೋಲೆ ಹುಡುಗ, ಹಾಗಿದ್ದಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ ತಮ್ಮಾ.

ತೋಟದಮನೆಯವರೇ, ಒಂದು ಮಾತು ಸರಿ ಮಾಡಿಕೊಳ್ಳಿ. ನೀವು ಕೊಲೆಗೆ ಸಾಕ್ಷಿ ಅಲ್ಲ, ಕತ್ತಿ ಸಿಕ್ಕಿದ್ದಕ್ಕೆ ಸಾಕ್ಷಿ. ಯಾರು ಕೊಂದರು ಅಂತ ನಿಮ್ಮನ್ನು ಕೇಳುವುದಿಲ್ಲ. ಕೇಳಿದರೂ "ನಾನು ನೋಡಿಲ್ಲ" ಅಂದರೆ ಮುಗಿಯಿತು. ಯಾವ ದಿನ ಹೋದಿರಿ, ಎಷ್ಟು ಹೊತ್ತಿಗೆ, ಯಾರು ಮುಂದೆ ನಡೆದರು, ಕತ್ತಿ ಎಲ್ಲಿತ್ತು, ಯಾರು ತೆಗೆದರು, ಪೊಲೀಸರು ಅದಕ್ಕೆ ಏನು ಮಾಡಿದರು. ಇಷ್ಟೇ.

ಪೊಲೀಸರ ಮುಂದೆ ಆರೋಪಿ "ನಾನೇ ಕೊಂದೆ" ಅಂದರೂ ಕಾನೂನಿನಲ್ಲಿ ಅದಕ್ಕೆ ಕಾಸಿನ ಬೆಲೆ ಇಲ್ಲ. ಆದರೆ ಅವನು ಹೇಳಿದ್ದರಿಂದಲೇ ಒಂದು ವಸ್ತು ಸಿಕ್ಕಿದರೆ, ಆ ವಸ್ತುವಿಗೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ನಡೆಯುತ್ತದೆ. ಹಳೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮಿನ ಪರಂತುಕ ("ಆದರೆ" ಅಂತ ಕೊನೆಗೆ ಸೇರಿಸಿದ ವಿನಾಯಿತಿ). 1946ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟ್) ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. "ಕತ್ತಿ ಇಂಥ ಕಡೆ ಅಡಗಿಸಿಟ್ಟಿದ್ದೇನೆ, ತೋರಿಸುತ್ತೇನೆ" ಅನ್ನೋದು ನಡೆಯುತ್ತದೆ. "ಅದರಿಂದಲೇ ಕಡಿದೆ" ಅನ್ನೋದು ನಡೆಯುವುದಿಲ್ಲ. ಅಂದರೆ ಕತ್ತಿ ಅಲ್ಲಿದೆ ಅಂತ ಅವನಿಗೆ ಗೊತ್ತಿತ್ತು ಅನ್ನೋದಷ್ಟೇ ಸಾಬೀತಾಗುತ್ತದೆ. ಕೊಲೆ ಆದದ್ದು ಅದರಿಂದಲೇ ಅನ್ನೋದನ್ನು ಬೇರೆ ಸಾಕ್ಷ್ಯದಿಂದ ತೋರಿಸಬೇಕು.

ನಿರ್ವಾಹಕ
ಕೇಸ್ ನಡೆಯುತ್ತಿದೆ. ಊರಿನ ಹೆಸರು, ಮನುಷ್ಯರ ಹೆಸರು, ಕೇಸ್ ನಂಬರ್ ಯಾರೂ ಹಾಕಬೇಡಿ. ಊಹೆ ಮಾಡಿ ಬರೆದರೂ ತೆಗೆಯುತ್ತೇನೆ.

ಬನವಾಸಿ ರಸ್ತೆ
ಸಿಪ್ಪೆ ರಾಶಿ ಅಂದರೆ ಬಯಲಲ್ಲೇ ಇರುತ್ತದೆ. ಯಾರು ಬೇಕಾದರೂ ಬಂದು ಕತ್ತಿ ತುರುಕಿ ಹೋಗಬಹುದು. ನಾನು ಆರೋಪಿ ವಕೀಲನಾಗಿದ್ದರೆ ಮೊದಲು ಇದನ್ನೇ ಎತ್ತುತ್ತಿದ್ದೆ.

ಕುಮಟಾ ವಕೀಲ
ಎಲ್ಲರೂ ಎತ್ತುವುದು ಅದನ್ನೇ. ಅದಕ್ಕೆ 1999ರಲ್ಲಿ ಹಿಮಾಚಲ ಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಜಾಗಕ್ಕೆ ಯಾರು ಬೇಕಾದರೂ ಹೋಗಬಹುದಿತ್ತಾ ಅನ್ನೋದು ಪ್ರಶ್ನೆ ಅಲ್ಲ, ವಸ್ತು ಹೋದವರ ಕಣ್ಣಿಗೆ ಬೀಳುವಂತಿತ್ತಾ ಅನ್ನೋದು ಪ್ರಶ್ನೆ. ಅದಕ್ಕೇ "ಮೊಣಕೈವರೆಗೆ ಕೈ ಹಾಕಿ" ಅಂತ ನೀವು ಬರೆದಿದ್ದೀರಲ್ಲ, ಅದು ಮುಖ್ಯ. ಸಿಪ್ಪೆ ಮೇಲೆಯೇ ಬಿದ್ದಿದ್ದ ಕತ್ತಿಗೂ ರಾಶಿಯೊಳಗಿಂದ ತೆಗೆದ ಕತ್ತಿಗೂ ರಾಶಿ ವ್ಯತ್ಯಾಸ ಇದೆ.

ಈಗ ನನ್ನ ಪ್ರಶ್ನೆ. ಅವನು "ತೋರಿಸುತ್ತೇನೆ" ಅಂತ ಹೇಳಿದ್ದು ನಿಮ್ಮ ಎದುರಿಗಾ? ಸ್ಟೇಷನ್ನಲ್ಲಿ ನೀವಿದ್ದಿರಾ?

ತೋಟದಮನೆ
ಇಲ್ಲ ವಕೀಲರೇ. ಜೀಪ್ ಊರಿಗೆ ಬಂದ ಮೇಲೆಯೇ ನಮ್ಮನ್ನು ಕರೆದದ್ದು. ಸ್ಟೇಷನ್ನಿಗೆ ನಾವು ಹೋಗಿಲ್ಲ. ಆದರೆ ಜೀಪಿಂದ ಇಳಿದವನು ಅಲ್ಲೇ ನಮ್ಮೆದುರಿಗೆ "ಬನ್ನಿ, ಕೊಟ್ಟಿಗೆ ಹಿಂದೆ ಇಟ್ಟಿದ್ದೇನೆ" ಅಂದ. ಅದು ಚೆನ್ನಾಗಿ ನೆನಪಿದೆ.

ಕುಮಟಾ ವಕೀಲ
ಇಲ್ಲೇ ಇರುವುದು ಗಂಟು. 2022ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಇಬ್ಬರು ಪಂಚರನ್ನು ಮೊದಲು ಸ್ಟೇಷನ್ನಿಗೆ ಕರೆಸಬೇಕು, ಆರೋಪಿ ಅವರೆದುರಿಗೆ ಹೇಳಬೇಕು, ಅವನ ಮಾತನ್ನು ಅವನ ಶಬ್ದಗಳಲ್ಲೇ ಬರೆಯಬೇಕು, ಆಮೇಲೆ ಎಲ್ಲರೂ ಕೂಡಿ ಜಾಗಕ್ಕೆ ಹೋಗಬೇಕು. ನಿಮ್ಮ ಪ್ರಕರಣದಲ್ಲಿ ಮೊದಲರ್ಧ ಇಲ್ಲ. ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ. ಅದಕ್ಕೆ ಉತ್ತರ ಕೊಡುವುದು ಸರ್ಕಾರಿ ವಕೀಲರ ಪಾಡು, ನಿಮ್ಮದಲ್ಲ. "ನಾವು ಸ್ಟೇಷನ್ನಲ್ಲೂ ಇದ್ದೆವು" ಅಂತ ಯಾರ ಉಪಕಾರಕ್ಕೂ ಸೇರಿಸಬೇಡಿ. ಜೀಪಿಂದ ಇಳಿದವನು ಹೇಳಿದ್ದನ್ನು ಮಾತ್ರ, ಕೇಳಿದ ಹಾಗೆಯೇ ಹೇಳಿ.

ನಿವೃತ್ತ ಜಮಾದಾರ
ವಕೀಲರು ಹೇಳೋದು ಪುಸ್ತಕದ ಪ್ರಕಾರ ಸರಿ. ಆದರೆ ಅದೇ ಸುಪ್ರೀಂ ಕೋರ್ಟ್ ಅದಕ್ಕೂ ಮೊದಲು ದೆಹಲಿಯ ಒಂದು ಪ್ರಕರಣದಲ್ಲಿ, ಇಂಥ ವಶಪಡಿಸುವಿಕೆಗೆ ಪಂಚರ ಸಹಿ ಇಲ್ಲ ಅಂತ ಪೊಲೀಸರ ಮಾತನ್ನು ತಳ್ಳಿಹಾಕಬೇಡಿ ಅಂದಿತ್ತು. ಅದನ್ನೂ ಹೇಳಿ.

ನಮ್ಮ ಕಷ್ಟ ಯಾರಿಗೂ ಬೇಡ. ಮಳೆಗಾಲದ ರಾತ್ರಿ, ಘಟ್ಟದ ಹಳ್ಳಿ, ಮನೆಯಿಂದ ಮನೆಗೆ ಅರ್ಧ ಮೈಲಿ. "ಪಂಚರಾಗಿ ಬನ್ನಿ" ಅಂದರೆ ಒಬ್ಬರಿಗೆ ಸೊಂಟನೋವು, ಇನ್ನೊಬ್ಬರ ಮನೆಯಲ್ಲಿ ಶ್ರಾದ್ಧ. ಸ್ಟೇಷನ್ನಿಗೆ ಬನ್ನಿ ಅಂದರಂತೂ ಊರೇ ಖಾಲಿ. ಕೊನೆಗೆ ಸ್ಟೇಷನ್ ಎದುರಿನ ಚಾದಂಗಡಿಯವನನ್ನೇ ಕರೆದುಕೊಂಡು ಹೋದರೆ, ಕೋರ್ಟಲ್ಲಿ "ಇವನು ಪೊಲೀಸರ ಕಾಯಂ ಪಂಚ" ಅಂತ ನಗುತ್ತಾರೆ.

ಅಂಕೋಲೆ ಹುಡುಗ
ಜಮಾದಾರ್ರೆ ಸಿಟ್ಟು ಮಾಡಬೇಡಿ, ಆದರೆ ಪೊಲೀಸರೇ ಕತ್ತಿ ತಂದಿಡುವುದೂ ಇದೆಯಲ್ವಾ?

ನಿವೃತ್ತ ಜಮಾದಾರ
ಇಲ್ಲ ಅಂತ ಎದೆ ತಟ್ಟಿ ಹೇಳಲಾರೆ. ಅದಕ್ಕೇ ಪಂಚರು ಬೇಕಾದದ್ದು. ಈಗಂತೂ 2024 ಜುಲೈ 1ರಿಂದ ಹೊಸ ಕಾನೂನು, ಶೋಧನೆ, ಜಪ್ತಿ ಎಲ್ಲ ವಿಡಿಯೋ ಮಾಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 105ನೇ ಕಲಂ. ಮೊಬೈಲಲ್ಲೇ ಮಾಡಬಹುದು. ನಮ್ಮ ಕಾಲಕ್ಕೆ ಇದ್ದಿದ್ದರೆ ನನಗೆ ಅರ್ಧ ಬೈಗುಳ ಕಡಿಮೆ ಆಗುತ್ತಿತ್ತು.

ಲ್ಯಾಬ್ ಕೋಟು
ಬೆಂಗಳೂರಿನಲ್ಲಿದ್ದೇನೆ, ಊರು ಹೊನ್ನಾವರ. ಕತ್ತಿ ಅಂದಿದ್ದಕ್ಕೆ ಬಂದೆ.

ಅಡಿಕೆ ಸೀಮೆಯ ಕತ್ತಿಯ ಮೇಲೆ ಕೆಂಪು ಕಲೆ ಇದೆ ಅಂದ ತಕ್ಷಣ ರಕ್ತ ಅಂತ ತಿಳಿಯಬೇಡಿ. ಚೊಗರು (ಅಡಿಕೆಯ ಒಗರು ರಸ) ಹತ್ತಿದ ಕಬ್ಬಿಣ, ಅದರ ಮೇಲೆ ತುಕ್ಕು, ಒಣಗಿದ ಮೇಲೆ ಕಣ್ಣಿಗೆ ಎಲ್ಲ ಒಂದೇ. ಮೊದಲ ಹಂತದ ಪರೀಕ್ಷೆಯಲ್ಲಿ ಬಣ್ಣ ಬದಲಾದರೆ "ರಕ್ತ ಇರಬಹುದು" ಅಂತಷ್ಟೇ ಅರ್ಥ. ಕೆಲವು ಗಿಡಗಳ ರಸಕ್ಕೂ ಆ ಬಣ್ಣ ಬರುತ್ತದೆ. ಆಮೇಲೆ ಅದು ನಿಜಕ್ಕೂ ರಕ್ತವಾ, ಮನುಷ್ಯರದ್ದಾ, ಯಾವ ಗುಂಪು, ಡಿಎನ್‌ಎ ಹೊಂದುತ್ತದಾ ಅಂತ ಹಂತ ಹಂತವಾಗಿ ಹೋಗಬೇಕು. ಎಷ್ಟೋ ವರದಿ "ಮನುಷ್ಯ ರಕ್ತ" ಅನ್ನುವಲ್ಲಿಗೆ ನಿಲ್ಲುತ್ತವೆ. ಗುಂಪು ಸಿಕ್ಕಿದರೂ ಓ ಪಾಸಿಟಿವ್ ಅಂದರೆ ಊರಲ್ಲಿ ಎಷ್ಟು ಜನ ಇರುತ್ತಾರೆ ನೀವೇ ಹೇಳಿ. ಡಿಎನ್‌ಎ ಬಂದರೆ ಮಾತ್ರ ಗಟ್ಟಿ.

ಹಿಡಿಗೆ ಸುತ್ತಿದ ವೈರ್ ಇದೆಯಲ್ಲ, ನಾನಾಗಿದ್ದರೆ ಮೊದಲು ಅದನ್ನು ಬಿಚ್ಚಿಸುತ್ತಿದ್ದೆ. ಅಲಗು ತೊಳೆಯುತ್ತಾರೆ, ಸುತ್ತಿನ ಸಂದಿಗೆ ಇಳಿದದ್ದನ್ನು ಯಾರೂ ತೊಳೆಯುವುದಿಲ್ಲ.

ಬೈತಖೋಲ ಬಂದರು
ನಮ್ಮ ಕಡೆ ದೋಣಿಯಲ್ಲಿರುವ ಚಾಕು ತೆಗೆದುಕೊಂಡು ಹೋದರೆ ಎಲ್ಲ ಚಾಕುಗಳೂ ಕೊಲೆ ಮಾಡಿದ್ದೇ ಆಗ್ತವೆ! ಬಂಗಡೆ ರಕ್ತಕ್ಕೂ ಮನುಷ್ಯ ರಕ್ತಕ್ಕೂ ವ್ಯತ್ಯಾಸ ಗೊತ್ತಾಗ್ತದಾ ಲ್ಯಾಬಲ್ಲಿ?

ಲ್ಯಾಬ್ ಕೋಟು
ಗೊತ್ತಾಗುತ್ತದೆ, ಅದು ಸುಲಭ. ಕಷ್ಟ ಆಗುವುದು ಕಳಿಸುವ ರೀತಿಯಿಂದ. ಹಸಿ ರಕ್ತ ಇರುವ ಬಟ್ಟೆಯನ್ನು ಜುಲೈ ತಿಂಗಳಲ್ಲಿ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ನಮ್ಮ ಜಿಲ್ಲೆಯ ಮಳೆಯಲ್ಲಿ ಒಣಗಿಸುವುದೇ ದೊಡ್ಡ ಕೆಲಸ ಅಂತ ನನಗೂ ಗೊತ್ತು.

ಸರ್ಕಾರಿ ಡಾಕ್ಟ್ರು
ಪೋಸ್ಟ್ ಮಾರ್ಟಂ ಮಾಡಿದ ಮೇಲೆ ಪೊಲೀಸರು ಕತ್ತಿ ತಂದು "ಈ ಗಾಯ ಇದರಿಂದ ಆಗಿದೆಯಾ" ಅಂತ ಅಭಿಪ್ರಾಯ ಕೇಳುತ್ತಾರೆ. ನಾವು ಬರೆಯುವುದು "ಆಗಬಹುದು" ಅಂತ. "ಇದರಿಂದಲೇ ಆಗಿದೆ" ಅಂತ ಬರೆಯಲು ಬರುವುದಿಲ್ಲ. ಕಡಿದ ಗಾಯಕ್ಕೆ ಭಾರದ ಅಲಗು ಬೇಕು, ಮೂಳೆಗೂ ಏಟು ಬಿದ್ದಿರುತ್ತದೆ. ಕೊಯ್ದ ಗಾಯ ಉದ್ದ ಜಾಸ್ತಿ, ಆಳ ಕಡಿಮೆ. ತಿವಿದದ್ದು ಇದಕ್ಕೆ ಉಲ್ಟಾ. ಹೊಟ್ಟೆಗೆ ತಿವಿದರೆ ಗಾಯದ ಆಳ ಅಲಗಿನ ಉದ್ದಕ್ಕಿಂತ ಜಾಸ್ತಿ ಇರುವುದೂ ಉಂಟು, ಹೊಟ್ಟೆ ಒಳಗೆ ಒತ್ತುತ್ತದಲ್ಲ. ಕೋರ್ಟಲ್ಲಿ ಇದನ್ನೇ ಹಿಡಿದು ಗಂಟೆಗಟ್ಟಲೆ ಪಾಟೀ ಸವಾಲು (ಎದುರು ವಕೀಲರ ಮರುಪ್ರಶ್ನೆ) ಮಾಡುತ್ತಾರೆ.

ಇನ್ನೊಂದು. ಸೊಂಟದ ಕೊಕ್ಕೆಗೆ ಹಾಕುವ ಬಾಗು ಕತ್ತಿ ನಮ್ಮಲ್ಲಿ ಮನೆಗೆ ಎರಡು ಮೂರು ಇರುತ್ತವೆ. ಗಾಯ ನೋಡಿ ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಸಾಧ್ಯವೇ ಇಲ್ಲ.

ಅಂಕೋಲೆ ಹುಡುಗ
ಅಂದರೆ ಕತ್ತಿ ಇದ್ದೂ ಪ್ರಯೋಜನ ಇಲ್ಲ ಅಂತಾಯ್ತು. ಪಂಚನಾಮೆಗೆ ತಕರಾರು, ಲ್ಯಾಬಿಗೆ "ಇರಬಹುದು", ಡಾಕ್ಟರಿಗೆ "ಆಗಬಹುದು". ಇನ್ನು ಅಜ್ಜಿ. ಮುಸ್ಸಂಜೆಯಲ್ಲಿ ಕಂಡದ್ದಂತೆ. ಅವರಿಗೆ ಕಣ್ಣಿನ ಪೊರೆ ಇರಲಿಲ್ಲ ಅಂತ ಯಾರು ಹೇಳುತ್ತಾರೆ?

ಸಿದ್ದಾಪುರದ ಅಕ್ಕ
ಅಜ್ಜಿ ಅಂದ ಕೂಡಲೇ ಕಣ್ಣು ಕಾಣೂದಿಲ್ಲ ಅಂತ ಹ್ಯಾಗೆ ಹೇಳ್ತೀಯ ತಮಾ? ನಮ್ಮತ್ತೆ ಅಂಗಳದಲ್ಲಿ ಕೂತು, ತೋಟದ ಆ ತುದಿಯಲ್ಲಿ ಬರುವವರು ಯಾರು ಅಂತ ನಡಿಗೆ ನೋಡಿ ಹೇಳ್ತಿದ್ದರು. ಯಾರ ಮನೆ ಆಳು, ಇವತ್ತು ಕುಡಿದಿದ್ದಾನಾ ಇಲ್ಲವಾ ಅನ್ನೋದೂ ಗೊತ್ತಾಗ್ತಿತ್ತು. ನಲವತ್ತು ವರ್ಷ ದಿನಾ ನೋಡಿದವರ ನಡಿಗೆ ಯಾರಿಗೆ ಗೊತ್ತಾಗೂದಿಲ್ಲ?

ಕುಮಟಾ ವಕೀಲ
ಅಕ್ಕ ಹೇಳಿದ್ದು ಕೋರ್ಟುಗಳೂ ಒಪ್ಪುವ ಮಾತು. ಪರಿಚಯದವರನ್ನು ಮಂದ ಬೆಳಕಲ್ಲೂ ನಡಿಗೆ, ಆಕಾರ, ದನಿಯಿಂದ ಗುರುತಿಸಬಹುದು ಅಂತ ಎಷ್ಟೋ ತೀರ್ಪುಗಳಿವೆ. ಆರೋಪಿ ಪಕ್ಕದ ಮನೆಯವನೇ ಆದರೆ ಗುರುತಿನ ಪರೇಡೂ (ಹಲವರನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವುದು) ಬೇಕಿಲ್ಲ. ಅಪರಿಚಿತನಾಗಿದ್ದರೆ ಮಾತೇ ಬೇರೆ. ಪರೇಡಿಗೆ ಮೊದಲೇ ಅವನ ಫೋಟೋ ವಾಟ್ಸಾಪ್ ಗ್ರೂಪಲ್ಲಿ ಸುತ್ತಾಡಿದರೆ ಆ ಪರೇಡ್ ಕಸಕ್ಕೆ. "ಕೊಲೆಗಾರ ಇವನೇ, ಶೇರ್ ಮಾಡಿ" ಅಂತ ಕಳಿಸುವವರು ಕೇಸ್ ಹಾಳು ಮಾಡುತ್ತಿದ್ದೇವೆ ಅಂತ ತಿಳಿದುಕೊಂಡರೆ ಒಳ್ಳೆಯದು.

ಒಬ್ಬರೇ ಸಾಕ್ಷಿ ಅಂತ ಹೆದರಬೇಕಿಲ್ಲ. ಇಷ್ಟೇ ಸಾಕ್ಷಿ ಬೇಕು ಅಂತ ಕಾನೂನಲ್ಲಿ ಲೆಕ್ಕ ಇಲ್ಲ. 1957ರಲ್ಲಿ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನು ಮೂರು ಬಗೆ ಮಾಡಿತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ನಡುವಿನವರು. ಮೊದಲ ಬಗೆಯವರು ಒಬ್ಬರಿದ್ದರೂ ಶಿಕ್ಷೆ ಆಗಬಹುದು. ನಡುವಿನವರಾದರೆ ಅವರ ಮಾತಿಗೆ ಬೇರೆ ಕಡೆಯಿಂದ ಆಸರೆ ಹುಡುಕಬೇಕು. ಅಜ್ಜಿಯ ಮಾತು ಆ ನಡುವಿನ ಬಗೆಗೆ ಬಿದ್ದರೆ ಆಗ ನಿಮ್ಮ ಕತ್ತಿಗೆ ಬೆಲೆ. ಅಜ್ಜಿ ಗಟ್ಟಿ ನಿಂತರೆ ಕತ್ತಿ ಸಿಗದಿದ್ದರೂ ಕೇಸ್ ನಿಲ್ಲುತ್ತದೆ. ಬರೀ ಕತ್ತಿ ಇದ್ದು ಅಜ್ಜಿ ಇಲ್ಲದಿದ್ದರೆ ಬಹಳ ಕಷ್ಟ.

ಬನವಾಸಿ ರಸ್ತೆ
ಒಪ್ಪುವುದಿಲ್ಲ. ಕಣ್ಣಿಗಿಂತ ಮೋಸ ಮಾಡುವ ಸಾಕ್ಷಿ ಇಲ್ಲ. ಕೈಯಲ್ಲಿ ಆಯುಧ ಇದ್ದರೆ ನೋಡುವವರ ಕಣ್ಣು ಆಯುಧದ ಮೇಲೆಯೇ ನೆಡುತ್ತದೆ, ಮುಖ ನೆನಪಿರುವುದಿಲ್ಲ ಅಂತ ಮನಃಶಾಸ್ತ್ರದವರು ತೋರಿಸಿದ್ದಾರೆ. ಎಲಿಜಬೆತ್ ಲಾಫ್ಟಸ್ ಅನ್ನುವವರು 1974ರಲ್ಲಿ ಮಾಡಿದ ಪ್ರಯೋಗ ಓದಿ. ಒಂದೇ ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು "ತಾಗಿದಾಗ" ಎಷ್ಟು ವೇಗ ಇತ್ತು ಅಂತ ಕೆಲವರಿಗೆ, "ಅಪ್ಪಳಿಸಿದಾಗ" ಎಷ್ಟು ಅಂತ ಇನ್ನು ಕೆಲವರಿಗೆ ಕೇಳಿದರು. ಅಪ್ಪಳಿಸಿದ್ದು ಅಂತ ಕೇಳಿಸಿಕೊಂಡವರು ಜಾಸ್ತಿ ವೇಗ ಹೇಳಿದರು. ಇಲ್ಲದ ಒಡೆದ ಗಾಜನ್ನೂ ಕಂಡೆವು ಅಂದವರು ಅವರಲ್ಲೇ ಜಾಸ್ತಿ. ಇನ್ನು ಅಜ್ಜಿಯ ಹತ್ತಿರ ಊರೆಲ್ಲ ಬಂದು "ಅವನೇ ಅಲ್ವಾ, ಅವನೇ ಅಲ್ವಾ" ಅಂತ ಎಷ್ಟು ಸಲ ಕೇಳಿರಬಹುದು?

ಸಿದ್ದಾಪುರದ ಅಕ್ಕ
ಅದು ಅಪರಿಚಿತರ ಕಾರಿನ ಮಾತು. ಇದು ಎದುರು ಮನೆಯವನ ಮಾತು. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ.

ಬನವಾಸಿ ರಸ್ತೆ
ಮುಖದ ವಿಷಯಕ್ಕೆ ಸರಿ ಅಕ್ಕ. ಯಾರು ಮೊದಲು ಹೊಡೆದರು, ಎಷ್ಟು ಏಟು, ಆ ಕೈಯಲ್ಲಿದ್ದದ್ದು ಕತ್ತಿಯಾ ದೊಣ್ಣೆಯಾ ಅನ್ನೋದಕ್ಕೆ? ಅಲ್ಲಿ ನೆನಪು ಜಾರುತ್ತದೆ.

ಕುಮಟಾ ವಕೀಲ
ಜಾರುತ್ತದೆ, ಕೋರ್ಟಿಗೂ ಅದು ಗೊತ್ತು. 1983ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ, ಸಾಕ್ಷಿಯ ತಲೆಯೊಳಗೆ ವಿಡಿಯೋ ಟೇಪ್ ಓಡುವುದಿಲ್ಲ, ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಇಡೀ ಮಾತನ್ನು ಎಸೆಯಬೇಡಿ ಅಂದಿದೆ. ನಮ್ಮ ಹಳ್ಳಿ ಸಾಕ್ಷಿಗಳು ದೂರ ಹೇಳುವಾಗ ನೋಡಬೇಕು. ಮುಖ್ಯ ವಿಚಾರಣೆಯಲ್ಲಿ "ಹತ್ತು ಮಾರು", ಪಾಟೀ ಸವಾಲಿನಲ್ಲಿ "ಐವತ್ತು ಅಡಿ", ಮೀಟರಲ್ಲಿ ಹೇಳಿ ಅಂದರೆ "ಒಂದು ನೂರು ಇರಬಹುದು ಸ್ವಾಮಿ". ಅದಕ್ಕೇ ಜಾಗದ ನಕ್ಷೆ ಮಾಡಿಸುವುದು. ಅಂಗಳದಿಂದ ಆ ಜಾಗ ಕಾಣುತ್ತದಾ, ನಡುವೆ ದರೆ (ಮಣ್ಣಿನ ದಿಬ್ಬ) ಅಡ್ಡ ಬರುತ್ತದಾ ಅನ್ನೋದು ನಕ್ಷೆಯಲ್ಲಿರಬೇಕು.

ಬೈತಖೋಲ ಬಂದರು
ಕತ್ತಿಗಿಂತ ಕೋವಿಯೇ ವಾಸಿ ಬಿಡಿ. ಗುಂಡು ಯಾವ ಕೋವಿಯದು ಅಂತ ಲ್ಯಾಬಲ್ಲಿ ಹೇಳ್ತಾರಂತಲ್ಲ.

ಲ್ಯಾಬ್ ಕೋಟು
ಪಿಸ್ತೂಲು, ರೈಫಲ್ಲಿಗೆ ಹೌದು, ನಳಿಗೆಯೊಳಗಿನ ಗೀರು ಗುಂಡಿನ ಮೇಲೆ ಬೀಳುತ್ತದೆ. ನಮ್ಮ ಕಡೆ ಹಂದಿ ಕಾಯಲು ಇಟ್ಟುಕೊಳ್ಳುವ ಕೋವಿಯ ನಳಿಗೆ ನುಣ್ಣಗಿರುತ್ತದೆ. ಚರೆ ನೋಡಿ ಇಂಥದೇ ನಳಿಗೆ ಅನ್ನಲು ಬರುವುದಿಲ್ಲ. ತೋಟಾ ಸಿಕ್ಕಿದರೆ ಅದರ ಹಿಂಬದಿಗೆ ಬಿದ್ದ ಪಿನ್ನಿನ ಗುರುತು ಹೋಲಿಸಬಹುದು. ಮಸಿ ತುಂಬುವ ಕೇಪಿನ ಕೋವಿಯಾದರೆ ಆ ತೋಟಾವೂ ಇಲ್ಲ.

ಕಾಡಂಚಿನ ರೈತ
ಕೋವಿ ಮಾತು ಬಂತಲ್ಲ, ಕೇಳುತ್ತೇನೆ. ಪ್ರತಿ ಇಲೆಕ್ಷನ್ನಿಗೂ ಲೈಸೆನ್ಸ್ ಕೋವಿ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಅಷ್ಟರಲ್ಲಿ ಮಂಗ ತೆಂಗು ಮುಗಿಸುತ್ತದೆ, ಹಂದಿ ಗದ್ದೆ ಮುಗಿಸುತ್ತದೆ. ಇದಕ್ಕೆ ವಿನಾಯಿತಿ ಇಲ್ವಾ?

ನಿರ್ವಾಹಕ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಮಂಗ ಬೇಡ.

ತೋಟದಮನೆ
ಓದಿ ಸ್ವಲ್ಪ ಧೈರ್ಯ ಬಂತು. ಆದರೆ ಭಾವ ಈಗಾಗಲೇ "ನನಗೆ ಮರೆತು ಹೋಗಿದೆ ಅಂತೇನೆ" ಅನ್ನುತ್ತಿದ್ದಾನೆ. ಅವನು ಹಾಗೆ ಹೇಳಿ ನಾನು ಹೀಗೆ ಹೇಳಿದರೆ? ಮತ್ತೆ ಆರೋಪಿ ಮನೆ ನಮ್ಮ ಮನೆಗೆ ಒಂದು ಕೂಗಿನ ದೂರ. ನಾಳೆ ಅವರ ಮುಖ ನೋಡಬೇಕು, ಅವರ ಮನೆ ಮುಂದಿನ ದಾರಿಯಲ್ಲೇ ಡೇರಿಗೆ ಹಾಲು ಒಯ್ಯಬೇಕು.

ಕುಮಟಾ ವಕೀಲ
ಭಾವ ತಿರುಗಿ ಬಿದ್ದರೆ ಸರ್ಕಾರಿ ವಕೀಲರು ಕೋರ್ಟಿನ ಅನುಮತಿ ಪಡೆದು ಅವರಿಗೇ ಪಾಟೀ ಸವಾಲು ಮಾಡುತ್ತಾರೆ. ಪ್ರತಿಕೂಲ ಸಾಕ್ಷಿ ಅಂದ ಮಾತ್ರಕ್ಕೆ ಅವರು ಹೇಳಿದ್ದೆಲ್ಲ ಅಳಿಸಿಹೋಗುವುದಿಲ್ಲ. ಸಹಿ ನನ್ನದು, ಜಾಗಕ್ಕೆ ಹೋಗಿದ್ದೆ ಅಂತ ಒಪ್ಪಿದರೆ ಅಷ್ಟು ಉಳಿಯುತ್ತದೆ. ಮೊದಲೇ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಆಗಿದ್ದರೆ ತಿರುಗುವುದು ಇನ್ನೂ ಕಷ್ಟ. ಅಜ್ಜಿಯದು ಆಗಿದೆಯಾ ಅಂತ ಸರ್ಕಾರಿ ವಕೀಲರನ್ನು ಕೇಳಿ.

ಮರೆತಿದ್ದರೆ ಮರೆತಿದ್ದೇನೆ ಅನ್ನಬಹುದು, ಅದು ಅಪರಾಧ ಅಲ್ಲ. ನೀವು ಸಹಿ ಹಾಕಿದ ಪಂಚನಾಮೆ ಓದಿ ನೆನಪು ಮಾಡಿಕೊಳ್ಳಲು ಕೋರ್ಟ್ ಬಿಡುತ್ತದೆ. ನೆನಪಿದ್ದೂ ಇಲ್ಲ ಅನ್ನುವುದು ಸುಳ್ಳು ಸಾಕ್ಷಿ, ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಸುಳ್ಳು ಹೇಳು ಅಂತ ಹೆದರಿಸುವುದೂ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 232ನೇ ಕಲಂ. ಕವಳ ಹಾಕಿಕೊಂಡು ನಯವಾಗಿ ಹೇಳಿದ್ದು ಹೆದರಿಕೆಯಾ ಅನ್ನೋದು ಬೇರೆ ಮಾತು. ಮುಂದೆ ದನಿ ಏರಿದರೆ ದಿನಾಂಕ ಬರೆದಿಡಿ.

ಅಂಕೋಲೆ ಹುಡುಗ
ಸಾಕ್ಷಿ ರಕ್ಷಣೆ ಅಂತ ಏನೋ ಇದೆಯಲ್ಲ?

ಕುಮಟಾ ವಕೀಲ
ಇದೆ. 2018ರ ಸಾಕ್ಷಿ ರಕ್ಷಣಾ ಯೋಜನೆ, ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಕೊಡಬೇಕು. ಕೊಡುವವರು ಕಡಿಮೆ, ಇದೆ ಅಂತಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೊದಲು ಕೊಡಿಸಬೇಕಾದದ್ದು ಆ ಅಜ್ಜಿಗೆ.

ಸಿದ್ದಾಪುರದ ಅಕ್ಕ
ಅಜ್ಜಿಯನ್ನು ಕೋರ್ಟಿಗೆ ಯಾರು ಕರೆದುಕೊಂಡು ಹೋಗ್ತಾರೆ, ಅದನ್ನು ಯಾರಾದರೂ ಕೇಳಿದ್ರಾ? ಬೆಳಿಗ್ಗೆ ಹೋದರೆ ಸಂಜೆಯವರೆಗೆ ಕೂರಿಸಿ ಮುಂದಿನ ತಾರೀಕು ಕೊಡ್ತಾರೆ. ನಮ್ಮ ಸಂಬಂಧಿಕರೊಬ್ಬರು ಹಾಗೆ ಓಡಾಡಿ ಸುಸ್ತಾಗಿ ಕೊನೆಗೆ "ಏನಾದರೂ ಬರೆದುಕೊಳ್ಳಿ" ಅಂದುಬಿಟ್ಟರು. ತೋಟದಮನೆಯವರೇ, ನಿಮ್ಮ ತಾರೀಕೂ ಅವರ ತಾರೀಕೂ ಒಂದೇ ಆದರೆ ಒಂದೇ ಗಾಡಿ ಮಾಡಿ.

ಕುಮಟಾ ವಕೀಲ
ಅಕ್ಕ, ಒಂದೇ ಗಾಡಿ ಬೇಡ. "ದಾರಿಯಲ್ಲಿ ಇಬ್ಬರೂ ಮಾತಾಡಿಕೊಂಡು ಬಂದಿರಿ ಅಲ್ವಾ" ಅನ್ನೋದೇ ಮೊದಲ ಪ್ರಶ್ನೆ ಆಗುತ್ತದೆ. ಅಜ್ಜಿ ಮನೆಯವರೇ ಕರೆತರಲಿ. ಸಾಕ್ಷಿಗೆ ಭತ್ಯೆ ಇದೆ, ಕೇಳಿ ಪಡೆಯಲಿ.

ತೋಟದಮನೆ
ಸರಿ. ಸರ್ಕಾರಿ ವಕೀಲರನ್ನು ತಾರೀಕಿನ ಮುಂಚೆಯೇ ಕಾಣುತ್ತೇನೆ. ಕತ್ತಿಯನ್ನು ಅಲ್ಲಿ ತೋರಿಸಿ "ಇದೇನಾ" ಅಂತ ಕೇಳಿದರೆ ಏನು ಹೇಳಲಿ? ಕೆಂಪು ವೈರ್ ಈಗಲೂ ಇರುತ್ತದಾ?

ನಿವೃತ್ತ ಜಮಾದಾರ
ಲ್ಯಾಬಿನವರು ಬಿಚ್ಚಿದ್ದರೆ ವೈರ್ ಬೇರೆ ಪೊಟ್ಟಣದಲ್ಲಿ ಬರಬಹುದು, ಗಾಬರಿ ಆಗಬೇಡಿ. ಜಪ್ತಿ ಮಾಡಿದ ದಿನ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಸೀಲ್ ಹಾಕಿ, ನಿಮ್ಮಿಬ್ಬರ ಸಹಿ ಇರುವ ಚೀಟಿ ಅಂಟಿಸಿರಬೇಕು. ಕೋರ್ಟಲ್ಲಿ ಪೊಟ್ಟಣ ಕೊಟ್ಟಾಗ ಮೊದಲು ಆ ಚೀಟಿ ಕೇಳಿ ನೋಡಿ. ಸಹಿ ನಿಮ್ಮದೇ ಆದರೆ ನಿಮ್ಮದು ಅನ್ನಿ. ಆಮೇಲೆ ಕತ್ತಿ. ಅದೇ ಅನಿಸಿದರೆ ಅದೇ ಅನ್ನಿ, ಅದೇ ತರಹದ್ದು ಅನಿಸಿದರೆ ಅದೇ ತರಹದ್ದು ಅನ್ನಿ. "ಇಂಥ ಕತ್ತಿ ಪೇಟೆಯಲ್ಲಿ ಎಲ್ಲ ಕಡೆ ಸಿಗುತ್ತದೆ ಅಲ್ವಾ" ಅಂತ ಎದುರು ವಕೀಲರು ಕೇಳೇ ಕೇಳುತ್ತಾರೆ. ಸಿಗುತ್ತದೆ ಅಂತ ಒಪ್ಪಿಕೊಳ್ಳಿ. ಸಿಗುವುದಿಲ್ಲ ಅಂತ ಹಟ ಮಾಡಿದ ಪಂಚರನ್ನು ನಾನು ನೋಡಿದ್ದೇನೆ, ಮುಂದಿನ ಅರ್ಧ ಗಂಟೆ ಪಾಪ ಬೆವರು ಒರೆಸಿಕೊಳ್ಳುತ್ತಿದ್ದರು.

ಕಾಡಂಚಿನ ರೈತ
ಕೋವಿ ಒಪ್ಪಿಸುವ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿದ್ದೇನೆ. ಜಮಾದಾರ್ರು, ವಕೀಲರು ಅಲ್ಲಿ ಒಮ್ಮೆ ಬನ್ನಿ.